ಲುಗೋಲ್ಸ್ ಅಯೋಡಿನ್ ಡಿಪ್: ಮಡಿಕೇರಿಯ ಸಾಫ್ಟ್ ಕೋರಲ್ ಟ್ಯಾಂಕಿನಲ್ಲಿ ಹಲವು ಮಳೆಗಾಲ ಬಳಸಿದ ಮೇಲೆ

ಕೋರಲ್, ಅಂದರೆ ಹವಳ, ಮಾರುವವರ ಬಾಯಲ್ಲಿ ಲುಗೋಲ್ಸ್ ಅಯೋಡಿನ್ ಸರ್ವರೋಗಕ್ಕೂ ಮದ್ದು. ಅದನ್ನು ಬೆರೆಸಿದ ನೀರಿನಲ್ಲಿ ಕೋರಲನ್ನು ಸ್ವಲ್ಪ ಹೊತ್ತು ಅದ್ದಿಡುವುದೇ ಡಿಪ್. ಪಾಲಿಪ್ (ಹೂವಿನಂತೆ ಅರಳುವ ಹವಳದ ಬಾಯಿ) ಮುಚ್ಚಿದರೆ ಅಯೋಡಿನ್, ಹುಳ ಕಂಡರೆ ಅಯೋಡಿನ್, ಬಣ್ಣ ಮಾಸಿದರೂ ಅಯೋಡಿನ್. ನಾನು ವರ್ಷಗಳಿಂದ ಬಳಸುತ್ತಿದ್ದೇನೆ. ಬಾಟಲಿ ಮುಗಿದರೆ ನಾಳೆಯೇ ಮತ್ತೊಂದು ತರಿಸುತ್ತೇನೆ. ಆದರೆ ತರಿಸುವುದು ಕೊಳೆತಕ್ಕೆ ಮತ್ತು ಕತ್ತರಿಸಿದ ಗಾಯಕ್ಕೆ. ಹುಳಕ್ಕೆ ಇದನ್ನೇ ನಂಬಿ ಕೂತರೆ ಕೋರಲ್ ಹೋಗುತ್ತದೆ, ಹುಳ ಉಳಿಯುತ್ತದೆ.

ನನ್ನದು ಇನ್ನೂರು ಲೀಟರ್ ಆಸುಪಾಸಿನ ಉಪ್ಪುನೀರಿನ ಟ್ಯಾಂಕ್. ಲೆದರ್ ಕೋರಲ್, ಮಶ್ರೂಮ್, ಝೀನಿಯಾ, ಗ್ರೀನ್ ಸ್ಟಾರ್ ಪಾಲಿಪ್, ಆಮೇಲೆ ಜಾಸ್ತಿ ಜಾಗ ಹಿಡಿದಿರುವ, ಗುಂಡಿಯಂಥ ಪಾಲಿಪ್‌ಗಳ ಗುಂಪಾದ ಜೊವಾಂಥಿಡ್. ಜೊವಾಂಥಿಡ್ ನಿಜವಾದ ಸಾಫ್ಟ್ ಕೋರಲ್ ಗುಂಪಿಗೆ ಸೇರುವುದಿಲ್ಲ, ಆದರೆ ಅಂಗಡಿಯಲ್ಲೂ ಟ್ಯಾಂಕಿನಲ್ಲೂ ಜೊತೆಗೇ ಇರುತ್ತದೆ. ಗಟ್ಟಿ ಹವಳದ ಕಡೆ ನಾನು ಹೋಗಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರಲ್ಲಿ ಅವು ಅತಿ ಹೆಚ್ಚು ರಕ್ಷಣೆಯ ಪಟ್ಟಿಯಾದ ಶೆಡ್ಯೂಲ್ ಒಂದರಲ್ಲಿವೆ, ಆ ತಲೆನೋವು ಬೇಡ.

ಮೊದಲು ಬಾಟಲಿಯ ವಿಷಯ. ಅಯೋಡಿನ್ ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪೊಟ್ಯಾಸಿಯಂ ಅಯೋಡೈಡ್ ಜೊತೆಗಿದ್ದರೆ ಕರಗುತ್ತದೆ. 1829ರಲ್ಲಿ ಫ್ರಾನ್ಸಿನ ವೈದ್ಯ ಲುಗೋಲ್ ಹೀಗೆ ಮಾಡಿದ ದ್ರಾವಣಕ್ಕೇ ಇವತ್ತಿಗೂ ಅವರ ಹೆಸರು. ಪೂರ್ಣ ಶಕ್ತಿಯದ್ದರಲ್ಲಿ ಶೇ 5 ಅಯೋಡಿನ್, ಶೇ 10 ಪೊಟ್ಯಾಸಿಯಂ ಅಯೋಡೈಡ್ ಇರುತ್ತದೆ. ಲ್ಯಾಬ್ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಅಕ್ವೇರಿಯಂ ಕಂಪನಿಗಳ ಆಮದು ಡಿಪ್ ಬೆಲೆಯ ಹತ್ತಿರಕ್ಕೂ ಇದು ಬರುವುದಿಲ್ಲ, ಅಷ್ಟು ಅಗ್ಗ.

ಅಗ್ಗದ ಜೊತೆ ಗೊಂದಲವೂ ಬರುತ್ತದೆ. ಲ್ಯಾಬಿನಲ್ಲಿ ಸ್ಲೈಡಿಗೆ ಬಣ್ಣ ಹಾಕಲು ಬಳಸುವ ಗ್ರಾಮ್ಸ್ ಅಯೋಡಿನ್ ಕೂಡ ನೋಡಲು ಹೀಗೇ ಇರುತ್ತದೆ, ಶಕ್ತಿ ಮಾತ್ರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಒಮ್ಮೆ ಒಬ್ಬ ಮಾರಾಟಗಾರರು ನನಗೆ ಅದನ್ನೇ ಲುಗೋಲ್ಸ್ ಅಂತ ಕಳಿಸಿದ್ದರು. ಹನಿ ಬಿದ್ದಾಗ ನೀರಿನ ಬಣ್ಣ ತೀರಾ ತೆಳುವಾಗಿ ಕಂಡಿದ್ದಕ್ಕೆ ಗೊತ್ತಾಯಿತು. ಲೇಬಲ್ಲಿನಲ್ಲಿ ಶೇಕಡಾ ಬರೆಯದ ಬಾಟಲಿ ಕೊಳ್ಳಬೇಡಿ. ಮೆಡಿಕಲ್ ಶಾಪಿನ ಪೊವಿಡೋನ್ ಅಯೋಡಿನ್ ಬೇರೆಯೇ ವಸ್ತು. ಅದರಲ್ಲೂ ಸ್ಕ್ರಬ್ ಅಂತ ಬರೆದಿರುವುದರಲ್ಲಿ ಸೋಪಿನಂಥ ಅಂಶ ಇರುತ್ತದೆ, ಕೋರಲ್ ಹತ್ತಿರ ತರಲೇಬಾರದು.

ಹಳೆಯ ಬಾಟಲಿಯಲ್ಲಿ ದಮ್ ಇದೆಯಾ ಅಂತ ನೋಡಲು ಅನ್ನದ ಗಂಜಿ ಸಾಕು. ಆರಿದ ತಿಳಿಗೆ ಒಂದು ಹನಿ ಹಾಕಿದರೆ ಕಡುನೀಲಿ ಆಗಬೇಕು. ಎಷ್ಟು ಶಕ್ತಿ ಉಳಿದಿದೆ ಅನ್ನುವುದು ಇದರಿಂದ ತಿಳಿಯುವುದಿಲ್ಲ, ಪೂರ್ತಿ ಸತ್ತಿದೆಯೋ ಇಲ್ಲವೋ ಅಷ್ಟು ತಿಳಿಯುತ್ತದೆ.

ಡಿಪ್ ಮಾಡುವುದು ಸುಲಭ. ಸಣ್ಣ ಡಬ್ಬಿಯಲ್ಲಿ ಟ್ಯಾಂಕಿನದೇ ನೀರು ತೆಗೆದುಕೊಳ್ಳುತ್ತೇನೆ. ಲೀಟರಿಗೆ ಐದು ಹನಿ, ಗಟ್ಟಿಮುಟ್ಟಾದ ಲೆದರ್ ಆದರೆ ಹತ್ತರವರೆಗೆ. ಹತ್ತರಿಂದ ಹದಿನೈದು ನಿಮಿಷ. ಮಧ್ಯೆ ಮಧ್ಯೆ ಪಿಪೆಟ್‌ನಿಂದ ಪಾಲಿಪ್‌ಗಳ ಸಂದಿಗೆ ನೀರು ಚಿಮ್ಮಿಸಬೇಕು. ಆಮೇಲೆ ಇನ್ನೊಂದು ಡಬ್ಬಿಯ ಶುದ್ಧ ಉಪ್ಪುನೀರಿನಲ್ಲಿ ಅಲುಗಾಡಿಸಿ ತೊಳೆದು ಟ್ಯಾಂಕಿಗೆ. ಡಿಪ್ ನೀರು ಟ್ಯಾಂಕಿಗೆ ಹೋಗಬಾರದು. ನೀರಿನ ಕಂದು ಬಣ್ಣ ನೋಡನೋಡುತ್ತಲೇ ಬಿಳಿಚಿಕೊಂಡರೆ ಕೊಳೆತ ಜಾಸ್ತಿ ಇದೆ, ಅಯೋಡಿನ್ ಎಲ್ಲ ಅದಕ್ಕೇ ಖರ್ಚಾಗಿದೆ ಅಂತ ಅರ್ಥ. ಆಗ ನೀರು ಬದಲಿಸಿ ಹೊಸದಾಗಿ ಹಾಕುತ್ತೇನೆ.

ಇಲ್ಲಿ ನಮ್ಮ ಊರಿನ ಒಂದು ವಿಶೇಷ ಇದೆ, ಯಾವ ಲೇಬಲ್ಲಿನಲ್ಲೂ ಬರೆದಿರುವುದಿಲ್ಲ. ಆಗಸ್ಟಿನ ಮಡಿಕೇರಿಯಲ್ಲಿ ಮನೆಯೊಳಗೇ ಚಳಿ. ಟ್ಯಾಂಕ್ 25 ಡಿಗ್ರಿಯಲ್ಲಿ ಇದ್ದರೂ ಹೊರಗೆ ಮೇಜಿನ ಮೇಲಿಟ್ಟ ಒಂದು ಲೀಟರ್ ನೀರು ಹದಿನೈದು ನಿಮಿಷದಲ್ಲಿ ಸರ್ರನೆ ತಣ್ಣಗಾಗುತ್ತದೆ. ರೋಗ ಬಂದ ಕೋರಲ್‌ಗೆ ಔಷಧಿಯ ಜೊತೆ ಚಳಿಯ ಪೆಟ್ಟೂ ಬೀಳುತ್ತದೆ. ನಾನು ಡಬ್ಬಿಯನ್ನು ಸಂಪ್ (ಟ್ಯಾಂಕಿನದೇ ನೀರು ಸುತ್ತುವ ಫಿಲ್ಟರ್ ತೊಟ್ಟಿ) ನೀರಿನ ಮೇಲೆ ತೇಲಿಬಿಟ್ಟು ಅಲ್ಲೇ ಡಿಪ್ ಮಾಡುತ್ತೇನೆ, ಮಗುಚದಂತೆ ಕ್ಲಿಪ್ ಹಾಕಿ. ಬೆಂಗಳೂರಿನವರಿಗೆ ಇದರ ಗೊಡವೆ ಇಲ್ಲ ಬಿಡಿ.

ಕೊಳೆತದ ವಿಷಯದಲ್ಲಿ ಇದಕ್ಕೆ ಪೂರ್ತಿ ಅಂಕ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಯಾರಿಗೂ ಹೇಳಲಾಗುವುದಿಲ್ಲ. 2018ರ ಆಗಸ್ಟಿನ ಮಳೆ, ಭೂಕುಸಿತ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪಂಪ್ ನಿಂತು ನೀರಿನ ಓಟ ನಿಂತರೆ ಮೊದಲು ಕೆಡುವುದು ದಪ್ಪ ಮೈಯ ಲೆದರ್. ಮಡಿಕೆಗಳ ನಡುವೆ ಕಸ ಕೂತು ಅಲ್ಲಿಂದ ಕಪ್ಪಾಗಿ ಕರಗಲು ಶುರು. ಕೊಳೆತ ಭಾಗವನ್ನು ಬ್ಲೇಡಿನಿಂದ ಆರೋಗ್ಯವಾದ ಮಾಂಸ ಕಾಣುವವರೆಗೆ ಕತ್ತರಿಸಿ ತೆಗೆದು, ಉಳಿದದ್ದನ್ನು ಅಯೋಡಿನ್‌ನಲ್ಲಿ ಅದ್ದಿ, ಓಟ ಚೆನ್ನಾಗಿರುವ ಜಾಗದಲ್ಲಿ ಇಡುತ್ತೇನೆ. ಲೆದರ್ ಗಟ್ಟಿ ಜೀವ. ಟೋಪಿಯಂಥ ತಲೆಯಲ್ಲಿ ಅರ್ಧ ಕಳೆದುಕೊಂಡದ್ದೂ ತಿಂಗಳುಗಳಲ್ಲಿ ದುಂಡಗಾಗಿದೆ. ಕೊಳೆತ ಬಿಟ್ಟುಕೊಂಡು ಬರೀ ಡಿಪ್ ಮಾಡಿದರೆ ಉಪಯೋಗ ಇಲ್ಲ, ಬ್ಲೇಡ್ ಅರ್ಧ ಚಿಕಿತ್ಸೆ.

ಬ್ರೌನ್ ಜೆಲ್ಲಿ ಅನ್ನುವುದು ಇದಕ್ಕಿಂತ ಕೆಟ್ಟದ್ದು. ಕಂದು ಲೋಳೆ, ಹತ್ತಿರ ಹೋದರೆ ಕೊಳೆತ ವಾಸನೆ. ಅಡಿಕೆಗೆ ಕೊಳೆರೋಗ ಬಂದ ಹಾಗೆ, ಇವತ್ತು ಒಂದು ಗೊಂಚಲು, ಎರಡು ದಿನ ಬಿಟ್ಟರೆ ಪಕ್ಕದ್ದು. ಅದರಲ್ಲಿ ಬ್ಯಾಕ್ಟೀರಿಯಾದ ಜೊತೆ ಸತ್ತ ಮಾಂಸ ತಿನ್ನುವ ಏಕಕೋಶ ಜೀವಿಗಳೂ ತುಂಬಿರುತ್ತವೆ. ಇಲ್ಲಿ ಮಾಡಬೇಕಾದದ್ದು: ಮೊದಲು ಟ್ಯಾಂಕಿನ ಪಂಪ್ ಆಫ್ ಮಾಡಿ, ಲೋಳೆಯನ್ನು ಪೈಪಿನಿಂದ ಎಳೆದು ಹೊರಗೆ ಹಾಕಬೇಕು. ಅಲುಗಾಡಿಸಿ ತೆಗೆದರೆ ಚೂರುಗಳು ಟ್ಯಾಂಕ್ ತುಂಬ ಹರಡುತ್ತವೆ. ಆಮೇಲೆ ಕತ್ತರಿ, ಆಮೇಲೆ ಅಯೋಡಿನ್. ಬೇಗ ಕಂಡರೆ ಉಳಿಯುತ್ತದೆ, ತಡವಾದರೆ ಇಲ್ಲ.

ಒಂದು ಎಚ್ಚರಿಕೆ. ಲೆದರ್ ಆಗಾಗ ಪಾಲಿಪ್ ಒಳಗೆಳೆದುಕೊಂಡು ಮೈ ಮೇಲೆ ಮೇಣದಂಥ ಪೊರೆ ಕಟ್ಟಿಕೊಂಡು ದಿನಗಟ್ಟಲೆ ಸುಮ್ನೆ ಕೂರುತ್ತದೆ. ಅದು ರೋಗ ಅಲ್ಲ. ಪೊರೆ ಕಳಚಿ ತಾನೇ ಅರಳುತ್ತದೆ. ಹೊಸಬರು ಇದಕ್ಕೂ ಅಯೋಡಿನ್ ಹಾಕುತ್ತಾರೆ, ಆಮೇಲೆ ಪೊರೆ ಬಿಟ್ಟಾಗ ಅಯೋಡಿನ್‌ನಿಂದಲೇ ಗುಣವಾಯಿತು ಅಂತ ಎಲ್ಲರಿಗೂ ಹೇಳುತ್ತಾರೆ! ನೀರಿನ ಓಟ ಸ್ವಲ್ಪ ಹೆಚ್ಚಿಸಿದರೆ ಸಾಕು. ಹಾಗೇ ಝೀನಿಯಾ ಮತ್ತು ಮಶ್ರೂಮ್ ಈ ಔಷಧಿಗೆ ನಾಜೂಕು. ನಾನು ಅವಕ್ಕೆ ಅರ್ಧದಷ್ಟೇ ಹನಿಗಳು, ಅರ್ಧ ಹೊತ್ತು, ಅದೂ ಅನಿವಾರ್ಯ ಆದರೆ.

ಈಗ ಹುಳದ ವಿಷಯ. ಅಯೋಡಿನ್‌ನ ಹೆಸರು ಕೆಡುವುದು ಇಲ್ಲಿ.

ಜೊವಾಂಥಿಡ್ ತಿನ್ನುವ ನುಡಿಬ್ರಾಂಕ್ ಅಂತ ಒಂದಿದೆ. ಚಿಪ್ಪಿಲ್ಲದ ಸಮುದ್ರದ ಬಸವನಹುಳು ಜಾತಿ. ತಾನು ತಿಂದ ಪಾಲಿಪ್‌ನ ಬಣ್ಣವನ್ನೇ ಮೈಗೆ ತಂದುಕೊಳ್ಳುತ್ತದೆ. ಹಸಿರು ಪಾಲಿಪ್ ತಿಂದದ್ದು ಹಸಿರು, ಕಿತ್ತಳೆ ತಿಂದದ್ದು ಕಿತ್ತಳೆ. ಪಾಲಿಪ್‌ಗಳ ನಡುವೆ ಕೂತರೆ ಇನ್ನೊಂದು ಪಾಲಿಪ್ ಅಂತಲೇ ಅನ್ನಿಸುತ್ತದೆ. ಅಯೋಡಿನ್‌ಗೆ ಕೆಲವು ಉದುರುತ್ತವೆ, ಕೆಲವು ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಮೊಟ್ಟೆಗಂತೂ ಏನೂ ಆಗುವುದಿಲ್ಲ. ಬುಡದ ಸಂದಿಯಲ್ಲಿ ಬಿಳಿ ಸುರುಳಿಯಾಗಿ ಅಂಟಿರುತ್ತದೆ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿಯೇ ತೆಗೆಯಬೇಕು. ಉಳಿದ ಮೊಟ್ಟೆ ಒಡೆಯುತ್ತದೆ ಅಂತ ಲೆಕ್ಕ ಹಿಡಿದು ವಾರಕ್ಕೊಮ್ಮೆಯಂತೆ ಮೂರ್ನಾಲ್ಕು ಸಲ ಡಿಪ್ ಮಾಡಬೇಕು. ಈ ಕೆಲಸಕ್ಕೆ ನಾನು ಈಗ ಸಸ್ಯದ ಎಣ್ಣೆ ಅಂಶದ ಡಿಪ್ ಬಳಸುತ್ತೇನೆ. ಟು ಲಿಟಲ್ ಫಿಶೀಸ್‌ನ ರಿವೈವ್ ಆ ಜಾತಿಯದು. ದುಬಾರಿ, ಆದರೆ ಹುಳ ಉದುರುವುದು ಕಣ್ಣಿಗೇ ಕಾಣುತ್ತದೆ. ಅಯೋಡಿನ್‌ನಲ್ಲಿ ಆ ತೃಪ್ತಿ ಇಲ್ಲ.

ಸಂಡಯಲ್ ಬಸವನಹುಳುವಿಗೆ ಯಾವ ಡಿಪ್ ಕೂಡ ಬೇಡ. ಕಪ್ಪು ಬಿಳಿ ಚೌಕುಳಿಯ ಚಪ್ಪಟೆ ಚಿಪ್ಪು, ನೋಡಲು ಚಂದ. ಹಗಲು ಸಂದಿಯಲ್ಲಿ ಅಡಗಿ ರಾತ್ರಿ ಜೊವಾಂಥಿಡ್ ತಿನ್ನುತ್ತದೆ. ಡಿಪ್‌ಗೆ ಹಾಕಿದರೆ ಚಿಪ್ಪಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ಇರುತ್ತದೆ. ರಾತ್ರಿ ಟಾರ್ಚ್ ಮತ್ತು ಚಿಮಟ, ಅಷ್ಟೇ. ಸಮುದ್ರ ಜೇಡಕ್ಕೂ ಚಿಮಟವೇ.

ಚಪ್ಪಟೆ ಹುಳು, ಅಂದರೆ ಫ್ಲಾಟ್‌ವರ್ಮ್, ಮಶ್ರೂಮ್ ಮೈ ಮೇಲೆ ಕಂದು ಚುಕ್ಕೆಗಳಂತೆ ಹರಡುತ್ತದೆ. ಹೊಸ ಫ್ರ್ಯಾಗ್ (ಕತ್ತರಿಸಿದ ಕೋರಲ್ ತುಂಡು) ಮೇಲೆ ನಾಲ್ಕಾರು ಇದ್ದರೆ ಡಿಪ್ ಸಾಕು. ಟ್ಯಾಂಕ್ ತುಂಬ ಆದರೆ ಅಯೋಡಿನ್ ಮರೆತುಬಿಡಿ. ಸಾಲಿಫರ್ಟ್‌ನ ಫ್ಲಾಟ್‌ವರ್ಮ್ ಎಕ್ಸಿಟ್‌ನಂಥದ್ದು ಬೇಕು. ಅದನ್ನು ಹಾಕುವ ಮೊದಲು ಆದಷ್ಟು ಹುಳವನ್ನು ಪೈಪಿನಿಂದ ಎಳೆದು ತೆಗೆಯಬೇಕು, ಆಮೇಲೆ ಇದ್ದಿಲಿನ ಫಿಲ್ಟರ್ ಓಡಿಸಬೇಕು. ಯಾಕೆಂದರೆ ಸಾಯುವ ಹುಳಗಳಿಂದಲೇ ವಿಷ ಬಿಡುಗಡೆಯಾಗುತ್ತದೆ. ಐಪ್ಟೇಸಿಯಾ ಎಂಬ, ಕಳೆಯಂತೆ ಹಬ್ಬುವ ಅನಿಮೋನ್‌ಗೂ (ಹೂವಿನಂಥ ಸಮುದ್ರಜೀವಿ) ಅಯೋಡಿನ್ ಲೆಕ್ಕಕ್ಕಿಲ್ಲ. ಅದನ್ನು ಕೆರೆದರೆ ಒಂದು ಹತ್ತಾಗುತ್ತದೆ. ಲ್ಯಾಬ್ ದರ್ಜೆಯ ಸುಣ್ಣವನ್ನು ಪೇಸ್ಟ್ ಮಾಡಿ ಸಿರಿಂಜಿನಿಂದ ಅದರ ಬಾಯಿಗೆ ಬಿಟ್ಟರೆ ಕೆಲಸ ಆಗುತ್ತದೆ. ಪೆಪರ್‌ಮಿಂಟ್ ಸಿಗಡಿ ಸಾಕಿದರೆ ಅದೇ ತಿಂದು ಮುಗಿಸುವುದೂ ಉಂಟು.

ಕೊಡಗಿನಲ್ಲಿ ಇರುವವರಿಗೆ ಇನ್ನೊಂದು ಮಾತು. ಟ್ಯಾಂಕಿನಲ್ಲಿ ಹುಳ ಅಂದ ಕೂಡಲೇ ತೋಟದವರು ಸಲಹೆ ಕೊಡುತ್ತಾರೆ. "ಎಂತ ಮಾರಾಯ್ರೇ, ತೋಟಕ್ಕೆ ಹೊಡೆಯುವುದನ್ನೇ ಒಂದು ತೊಟ್ಟು ಹಾಕಿ, ಎಲ್ಲ ಕ್ಲೀನ್ ಆಗ್ತದೆ" ಅಂತ ನಮ್ಮ ಪಕ್ಕದ ತೋಟದವರು ಈಗಲೂ ಹೇಳುತ್ತಾರೆ. ಇಮಿಡಾಕ್ಲೋಪ್ರಿಡ್ ಇರುವ ಕೀಟನಾಶಕದಲ್ಲಿ ಕೋರಲ್ ಡಿಪ್ ಮಾಡುವವರು ವಿದೇಶಗಳಲ್ಲಿ ಇದ್ದಾರೆ ಅನ್ನುವುದು ನಿಜ. ಆದರೆ ಸರಿಯಾಗಿ ತೊಳೆಯದೆ ಒಂದಿಷ್ಟು ಟ್ಯಾಂಕಿಗೆ ಹೋದರೆ ಸಿಗಡಿ, ಏಡಿ ಎಲ್ಲ ಗೋವಿಂದ. ನಾನು ಮುಟ್ಟಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಬೋರ್ಡೋ ದ್ರಾವಣ. ಮಳೆ ಶುರುವಾಗುವ ಮೊದಲು ಕಾಫಿಗೆ, ಕಾಳುಮೆಣಸಿಗೆ ಎಲ್ಲರೂ ಹೊಡೆಯುತ್ತಾರೆ, ಅದರಲ್ಲಿರುವುದು ಮೈಲುತುತ್ತ. ಅಂದರೆ ತಾಮ್ರ. ಬೆನ್ನೆಲುಬಿಲ್ಲದ ಸಮುದ್ರಜೀವಿಗಳಿಗೆ ತಾಮ್ರ ತುಸು ತಾಗಿದರೂ ಸಾವು. ತೋಟದ ಬಕೆಟ್, ಮಗ್, ಹೋಸ್ ಪೈಪ್ ಯಾವುದೂ ಟ್ಯಾಂಕ್ ಕೆಲಸಕ್ಕೆ ಬರಬಾರದು. ಸ್ಪ್ರೇ ಮಾಡಿದ ಕೈಯನ್ನು ಎಷ್ಟು ತೊಳೆದರೂ ಆ ದಿನ ನಾನು ಟ್ಯಾಂಕಿಗೆ ಇಳಿಸುವುದಿಲ್ಲ. ಪೊಟ್ಯಾಸಿಯಂ ಕ್ಲೋರೈಡ್ ಡಿಪ್ ಮಾಡುವವರೂ ಇದ್ದಾರೆ. ಅದಕ್ಕೂ ಶುದ್ಧ ಪುಡಿ ಬೇಕು, ಗೊಬ್ಬರದ ಚೀಲದ ಕೆಂಪು ಪೊಟ್ಯಾಷ್ ಅಲ್ಲ.

ಜೊವಾಂಥಿಡ್ ಉಜ್ಜುವಾಗ, ಕತ್ತರಿಸುವಾಗ ಕೈಗವಸು ಮತ್ತು ಕನ್ನಡಕ ಕಡ್ಡಾಯ. ಇದೇ ಗುಂಪಿನ ಪಾಲಿಥೋವಾದಲ್ಲಿ ಪಾಲಿಟಾಕ್ಸಿನ್ ಇದೆ. 1971ರಲ್ಲಿ ಹವಾಯಿಯ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ವರದಿ ಮಾಡಿದರು, ಪ್ರಕೃತಿಯಲ್ಲಿ ಸಿಗುವ ಅತಿ ತೀಕ್ಷ್ಣ ವಿಷಗಳಲ್ಲಿ ಒಂದು. ಬೇರೆ ಕೆಲವು ಜೊವಾಂಥಿಡ್‌ಗಳಲ್ಲೂ ಇರುತ್ತದೆ, ಯಾವುದರಲ್ಲಿ ಇದೆ ಅಂತ ಕಣ್ಣಳತೆಯಲ್ಲಿ ತಿಳಿಯುವುದಿಲ್ಲ. ಹುಳ ಸಾಯಲಿ ಅಂತ ಕಲ್ಲನ್ನು ಬಿಸಿನೀರಿನಲ್ಲಿ ಕುದಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಆ ಆವಿ ಉಸಿರಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ಟಾನಿಕ್ ಥರ ವಾರಕ್ಕೆ ಇಷ್ಟು ಹನಿ ಅಂತ ನೇರ ಟ್ಯಾಂಕಿಗೆ ಲುಗೋಲ್ಸ್ ಹಾಕುವ ಅಭ್ಯಾಸ ನನಗೆ ಒಪ್ಪಿಗೆ ಇಲ್ಲ. ಸಮುದ್ರದ ನೀರಿನಲ್ಲಿ ಅಯೋಡಿನ್ ಇರುವುದು ಲೀಟರಿಗೆ 0.06 ಮಿಲಿಗ್ರಾಂ ಆಸುಪಾಸು. ಲುಗೋಲ್ಸ್‌ನ ಒಂದೇ ಹನಿಯಲ್ಲಿ ಆರು ಮಿಲಿಗ್ರಾಂನಷ್ಟು ಇರುತ್ತದೆ. ಅಂದರೆ ನೂರು ಲೀಟರ್ ಸಮುದ್ರದ ಪಾಲು ಒಂದು ಹನಿಯಲ್ಲೇ ಬಂತು, ಅಲ್ವಾ? ಅಳೆಯುವ ಟೆಸ್ಟ್ ಕಿಟ್ ಇಲ್ಲದೆ ಇದರ ಸಹವಾಸ ಬೇಡ. ಒಳ್ಳೆಯ ಉಪ್ಪಿನಲ್ಲಿ ನಿಯಮಿತವಾಗಿ ನೀರು ಬದಲಿಸಿದರೆ ಸಾಕಷ್ಟು ಸಿಗುತ್ತದೆ.

ಒಟ್ಟು ಅಂಕ ಕೇಳಿದರೆ, ಗಾಯಕ್ಕೆ ಐದಕ್ಕೆ ಐದು, ಹುಳಕ್ಕೆ ಒಂದೂವರೆ. ಲೆದರ್ ಸಾಕುವವರು, ಫ್ರ್ಯಾಗ್ ಕತ್ತರಿಸುವವರು ಕೊಳ್ಳಿ. ಬರೀ ಜೊವಾಂಥಿಡ್ ಸಾಕುವವರು ಆ ದುಡ್ಡನ್ನು ಒಳ್ಳೆಯ ಚಿಮಟ, ಟಾರ್ಚ್ ಮತ್ತು ಹೊಸ ಫ್ರ್ಯಾಗ್‌ಗಳನ್ನು ಕೆಲವು ವಾರ ಬೇರೆ ಇಡಲು ಒಂದು ಸಣ್ಣ ಟ್ಯಾಂಕಿಗೆ ಹಾಕಿ. ಕೊಳ್ಳುವುದಾದರೆ ಸಣ್ಣ ಬಾಟಲಿ ಸಾಕು, ಕಂದು ಗಾಜಿನದ್ದು. ಸಿಂಕ್ ಕಲೆಯಾಗುತ್ತದೆ, ಬಟ್ಟೆಯೂ. ಬಳಸಿದ ಡಿಪ್ ನೀರಿಗೆ ಒಂದು ವಿಟಮಿನ್ ಸಿ ಮಾತ್ರೆ ಪುಡಿ ಮಾಡಿ ಹಾಕಿದರೆ ಬಣ್ಣ ಹೋಗುತ್ತದೆ, ಆಮೇಲೆ ಚೆಲ್ಲಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಟ್ಯಾಂಕಿನ ಸ್ಟ್ಯಾಂಡಿನೊಳಗೆ ಮಾತ್ರ ಬೇಡ, ಮುಚ್ಚಳ ಸಡಿಲ ಇದ್ದರೆ ಅದರ ಆವಿಗೆ ಲೈಟಿನ ಡ್ರೈವರ್, ಪ್ಲಗ್ ಪಾಯಿಂಟಿನ ಲೋಹ ಎಲ್ಲ ತುಕ್ಕು ಹಿಡಿಯುತ್ತದೆ.