ಗುಂಯ್‌ಗುಡುತ್ತಿದ್ದ ಪ್ರಿಆಂಪ್‌ಗೆ ಮಾಸ್‌ಫೆಟ್ ಬೋರ್ಡ್ ಹಾಕಿ ನೋಡಿದೆ

ರೆಕಾರ್ಡ್ ಪ್ಲೇಯರಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ನನ್ನ ಫೋನೋ ಪ್ರಿಆಂಪ್‌ನಲ್ಲಿ ಎರಡು ಇಸಿಸಿ83 ವಾಲ್ವ್, ಕೊನೆಗೊಂದು ಇಸಿಸಿ88. ರೆಕಾರ್ಡ್ ಮುಗಿದು ಸೂಜಿ ಎತ್ತಿದರೆ ಸ್ಪೀಕರಿನಲ್ಲಿ 100 ಹರ್ಟ್ಸಿನ ಗುಂಯ್ ಉಳಿದುಕೊಳ್ಳುತ್ತಿತ್ತು. 300 ವೋಲ್ಟ್ ಸಪ್ಲೈ, 20 ಮಿಲಿಆಂಪ್ ಲೋಡ್, ಮೊದಲ 47 ಮೈಕ್ರೋಫ್ಯಾರಡ್ ಕೆಪಾಸಿಟರಿನ ಮೇಲೆ ಸುಮಾರು 3 ವೋಲ್ಟ್ ರಿಪಲ್ (ಡಿಸಿಯ ಮೇಲೆ ಉಳಿದ ಏರಿಳಿತ), ಗುಂಯ್‌ಗೆ ಮೂಲ ಅದೇ. ಅದನ್ನು ತಡೆಯುವ ತಂತಿಸುರುಳಿ, 10 ಹೆನ್ರಿ ಚೋಕ್, ಕೂರಿಸೋಣವೆಂದರೆ ಪೆಟ್ಟಿಗೆಯಲ್ಲಿ ಜಾಗವಿಲ್ಲ, ಮೊದಲ ವಾಲ್ವ್‌ನ ಪಕ್ಕದಲ್ಲೇ ಅದರ ಕಾಂತಕ್ಷೇತ್ರ ಬೇರೆ. ಹಾಗಾಗಿ ಬೆಂಕಿಪೊಟ್ಟಣದಷ್ಟಿರುವ ಈ ಮಾಸ್‌ಫೆಟ್ ರಿಪಲ್ ಫಿಲ್ಟರ್ ಬೋರ್ಡ್ ತರಿಸಿದೆ.

ಮಾಸ್‌ಫೆಟ್ ಎಂಬ ಟ್ರಾನ್ಸಿಸ್ಟರಿನ ನಿಯಂತ್ರಣದ ಕಾಲಾದ ಗೇಟ್‌ಗೆ 470 ಕಿಲೋಓಮ್ ರೆಸಿಸ್ಟರ್ ಮತ್ತು 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದೆ; ಅವು ಸೋಸಿದ ವೋಲ್ಟೇಜನ್ನೇ ಔಟ್‌ಪುಟ್ ಹಿಂಬಾಲಿಸುತ್ತದೆ. ಗೇಟ್ ಕರೆಂಟ್ ಎಳೆಯುವುದಿಲ್ಲ, ಅದಕ್ಕೇ ಅಷ್ಟು ದೊಡ್ಡ ರೆಸಿಸ್ಟರ್ ನಡೆಯುತ್ತದೆ. ಲೆಕ್ಕದಲ್ಲಿ ರಿಪಲ್ 300 ಪಟ್ಟು ಇಳಿಯಬೇಕು. ಆಸಿಲೋಸ್ಕೋಪ್‌ನಲ್ಲಿ ಸುಮಾರು 10 ಮಿಲಿವೋಲ್ಟ್ ಕಂಡಿತು. ಲೆಕ್ಕ ಸರಿಯಿತ್ತು.

ಆದರೆ ಮೇನ್ಸ್ ಒಮ್ಮೆ ಕುಸಿದರೆ ಗುಂಯ್ ಮತ್ತೆ ಇಣುಕುತ್ತಿತ್ತು. ಗೇಟ್ ಅರ್ಧ ಸೆಕೆಂಡ್ ಹಳೆಯ ವೋಲ್ಟೇಜನ್ನೇ ಹಿಡಿದಿರುತ್ತದೆ, ಅಷ್ಟರಲ್ಲಿ ಸಪ್ಲೈ ಬರುವ ಕಾಲು, ಡ್ರೈನ್, ಕೆಳಗಿಳಿದು ರಿಪಲ್ ನೇರವಾಗಿ ನುಗ್ಗುತ್ತದೆ. ಬೋರ್ಡಿನ ಇನ್‌ಪುಟ್‌ಗೂ ಔಟ್‌ಪುಟ್‌ಗೂ ಬರೀ 4 ವೋಲ್ಟ್ ಅಂತರವಿರುವುದೇ ಇದಕ್ಕೆ ಕಾರಣ. ಆ ಅಂತರ ಹೆಚ್ಚಿಸಲು ಗೇಟಿನಿಂದ ಗ್ರೌಂಡಿಗೆ 4.7 ಮೆಗಾಓಮ್‌ನ ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಬೆಸೆದೆ. ಎರಡೇಕೆಂದರೆ, ಕಾಲು ವ್ಯಾಟಿನ ಒಂದನ್ನೇ 300 ವೋಲ್ಟಿಗೆ ಒಡ್ಡುವುದು ನನಗೆ ಒಪ್ಪಿಗೆಯಿಲ್ಲ. ಈಗ 18 ವೋಲ್ಟ್ ಕಳೆದುಕೊಳ್ಳುತ್ತೇನೆ, ಬಿಸಿ ಅರ್ಧ ವ್ಯಾಟ್ ಕೂಡ ಇಲ್ಲ, ಗುಂಯ್ ಮರಳಿಲ್ಲ. ಬೋರ್ಡಿನ ಜೊತೆ ಬಂದ ಹಾಳೆಯಲ್ಲಿ ಈ ಮಾತೇ ಇಲ್ಲ.

ಇಷ್ಟಾದ ಮೇಲೂ ಒಂದು ಒರಟು ಝರ್ರ್ ಉಳಿದಿತ್ತು. ಅದು ಬೋರ್ಡಿನ ತಪ್ಪಲ್ಲ, ನನ್ನ ವೈರಿಂಗಿನದು. ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನ ನೆಗೆಟಿವ್ ತಂತಿ ಸಿಗ್ನಲ್ ಗ್ರೌಂಡಿನ ಮೂಲಕ ಹಾದುಹೋಗಿ ಕೆಪಾಸಿಟರ್ ತುಂಬಿಸುತ್ತಿತ್ತು, ಕರೆಂಟಿನ ಆ ಚೂಪು ಹೊಡೆತಗಳು ಆಡಿಯೋಗೆ ಬೆರೆಯುತ್ತಿದ್ದವು. ತಂತಿಯನ್ನು ಬಿಚ್ಚಿ ನೇರ ಮೊದಲ ಕೆಪಾಸಿಟರಿನ ಕಾಲಿಗೆ ಕಟ್ಟಿದೆ, ಆಡಿಯೋ ಗ್ರೌಂಡನ್ನು ಬೋರ್ಡಿನ ಔಟ್‌ಪುಟ್ ಕಡೆಯಿಂದ ತೆಗೆದುಕೊಂಡೆ. ಆ ರಾತ್ರಿ ಆಂಪ್ ಆನ್ ಇದೆಯೋ ಇಲ್ಲವೋ ಎಂದು ವಾಲ್ವ್‌ಗಳ ಬೆಳಕು ನೋಡಿ ಖಚಿತಪಡಿಸಿಕೊಂಡೆ.

ದೂರು ಎರಡಿವೆ. ಕೆಪಾಸಿಟರ್ ಖಾಲಿ ಮಾಡುವ ರೆಸಿಸ್ಟರ್, ಅಂದರೆ ಬ್ಲೀಡರ್ ಇಲ್ಲ, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿಯಬಹುದು. 220 ಕಿಲೋಓಮ್, 2 ವ್ಯಾಟ್ ರೆಸಿಸ್ಟರ್ ನೀವೇ ಹಾಕಿಕೊಳ್ಳಿ, ಒಂದು ನಿಮಿಷ ಕಾಯಿರಿ, ಮೀಟರ್ ಇಟ್ಟು ನೋಡಿಯೇ ಕೈ ಹಾಕಿ. ಕರೆಂಟ್ ಮಿತಿಯೂ ಇಲ್ಲ: ಪ್ರೋಬ್ ಜಾರಿ ಔಟ್‌ಪುಟ್ ಶಾರ್ಟ್ ಆದ ಕ್ಷಣದಲ್ಲೇ ನನ್ನ ಮೊದಲ ಮಾಸ್‌ಫೆಟ್ ಸತ್ತಿತು.

ಆದರೂ ಇನ್ನೊಂದು ಬೋರ್ಡ್ ತರಿಸಿದ್ದೇನೆ, ಪವರ್ ಆಂಪ್‌ನ ಡ್ರೈವರ್ ಹಂತಕ್ಕೆ.