ಅಪ್ಪೆಮಿಡಿ ಕಸಿ ಗಿಡ: ಮೂರು ಗೆದ್ದವು, ಒಂದು ಕೈಕೊಟ್ಟಿತು

ಐದು ವರ್ಷದ ಹಿಂದೆ ಸಾಗರದ ಕಡೆಯ ಒಂದು ನರ್ಸರಿಯಿಂದ ನಾಲ್ಕು ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಮಿಡಿಮಾವಿನ, ಕಸಿ ಗಿಡ ತಂದಿದ್ದೆ. ಎರಡು ಅನಂತಭಟ್ಟನ ಅಪ್ಪೆ ತಳಿ, ಎರಡು ಜೀರಿಗೆ ಪರಿಮಳದ ಜೀರಿಗೆ ಮಿಡಿ ತಳಿ. ಈ ಸಲ ಮಿಡಿ ಕೊಯ್ದು ಉಪ್ಪಿಗೆ ಹಾಕಿದ ಮೇಲೆ ಬರೆಯುತ್ತಿದ್ದೇನೆ. ಮಾವಿನ ಗಿಡದ ಬಗ್ಗೆ ತಂದ ವಾರವೇ ಬರೆದು ಏನು ಪ್ರಯೋಜನ, ಅಲ್ವಾ?

ದುಡ್ಡು ಕೊಟ್ಟು ಗಿಡ ಯಾಕೆ, ಗೊರಟು ಹಾಕಿದರೆ ಸಾಲದಾ ಅಂತ ಕೇಳುವವರಿದ್ದಾರೆ. ನಮ್ಮ ಮಾವ ಅದನ್ನೇ ಮಾಡಿದ್ದರು. ಹಳ್ಳದ ದಂಡೆಯ ಹಳೇ ಅಪ್ಪೆ ಮರದ ಗೊರಟು ತಂದು ಹಿತ್ತಲಲ್ಲಿ ಊರಿದರು. ಒಂಬತ್ತು ವರ್ಷ ಕಾದರು. ಬಂದದ್ದು ಗುಂಡು ಮಿಡಿ. ತೊಟ್ಟು ಮುರಿದರೆ ಸೊನೆಗೆ ಪರಿಮಳವೇ ಇಲ್ಲ! ತಪ್ಪು ಅವರದ್ದಲ್ಲ. ಗೊರಟಿನ ಗಿಡಕ್ಕೆ ಅರ್ಧ ಗುಣ ತಾಯಿಮರದ್ದು, ಇನ್ನರ್ಧ ಪರಾಗ ಕೊಟ್ಟ ಮರದ್ದು. ನೊಣ ಯಾವ ಕಾಡುಮಾವಿನ ಹೂವಿನಿಂದ ಹಾರಿ ಬಂದಿತ್ತೋ! ತಾಯಿ ಕೊಡುವ ಅರ್ಧವೂ ಪ್ರತಿ ಗೊರಟಿಗೆ ಬೇರೆ ಬೇರೆ. ಹಾಗಾಗಿ ಒಂದೇ ಮರದ ಹತ್ತು ಗೊರಟು ಹಾಕಿದರೆ ಹತ್ತು ಥರ. ಅಪ್ಪೆಯಲ್ಲಿ ಇಷ್ಟೊಂದು ಬಗೆ ಇರುವುದೂ ಅದಕ್ಕೇ ಅನ್ನಿ. ಕಸಿಯಲ್ಲಿ ಈ ಜೂಜಿಲ್ಲ. ಗೊರಟಿನಿಂದ ಬೆಳೆಸಿದ ಗಿಡದ ಬುಡಕ್ಕೆ ಬೇಕಾದ ಮರದ ಕಡ್ಡಿ ಕೂಡಿಸಿ ಕಟ್ಟುತ್ತಾರೆ. ಕಡ್ಡಿ ಯಾವ ಮರದ್ದೋ ಮಿಡಿಯೂ ಅದೇ ಮರದ್ದು.

ನನ್ನ ಗಿಡಗಳು ನಾಲ್ಕನೇ ವರ್ಷ ಹೂ ಬಿಟ್ಟವು. ಲೇಬಲ್ಲಿನ ಅಕ್ಷರ ಮೊದಲ ಮಳೆಗೇ ತೊಳೆದು ಹೋಗಿತ್ತು, ಯಾವುದು ಯಾವುದೋ ಗೊತ್ತಿರಲಿಲ್ಲ. ಮಿಡಿ ಬಂದಾಗ ತೊಟ್ಟು ಮುರಿದೆ. ಚಿಮ್ಮಿದ ಸೊನೆ ಬೆರಳಿಗೆ ಹತ್ತಿ, ಸಂಜೆಯ ತನಕ ಕೈಯೆಲ್ಲ ಜೀರಿಗೆ ಘಮ. ಅತ್ತೆ ಮೂಸಿ ನೋಡಿ, "ಹೌದು ಕಣೇ, ಅಸಲಿ ಜೀರಿಗೆ" ಅಂದರು. ನಮ್ಮನೆಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ಕೈಕೊಟ್ಟದ್ದು ಒಂದು ಅನಂತಭಟ್ಟ. ಕಸಿ ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು ಅಂತ ನನಗೆ ಗೊತ್ತಿರಲಿಲ್ಲ. ಅದು ಕಾಂಡವನ್ನೇ ಬಿಗಿದು, ಮೇಲಿನ ಗಿಡ ಒಣಗಿತು. ಕಸಿ ಗಂಟಿನ ಕೆಳಗಿಂದ ಚಿಗುರಿದ್ದನ್ನು ನೋಡಿ ಬದುಕಿತು ಅಂತ ಖುಷಿಪಟ್ಟೆ. ಆದರೆ ಅದು ಕಸಿಗೆ ಬಳಸಿದ್ದ ಬುಡದ ಗಿಡ, ಯಾವುದೋ ಗೊರಟಿನದ್ದು! ನರ್ಸರಿಗೆ ಫೋನ್ ಮಾಡಿದರೆ, "ಪಟ್ಟಿ ಬಿಚ್ಚಬೇಕಿತ್ತು ಮೇಡಂ, ಬುಡದ ಚಿಗುರು ಚಿವುಟಬೇಕಿತ್ತು" ಅಂದರು. ಗಿಡ ಕೊಡುವಾಗಲೇ ಹೇಳಬಹುದಿತ್ತಲ್ಲ?

ಗಿಡಕ್ಕೆ ಪೂರ್ತಿ ಮಾರ್ಕು, ಮಾತಿಗೆ ಅರ್ಧ. ಈ ಮಳೆಗಾಲ ಇನ್ನೆರಡು ತರುತ್ತೇನೆ, ಅಲ್ಲಿಂದಲೇ. ಆ ಬುಡದ ಗಿಡ ಈಗ ನನಗಿಂತ ಎತ್ತರ ಆಗಿದೆ. ಕಡಿಸೋಣ ಅಂದರೆ ಮಾವ ಬಿಡುತ್ತಿಲ್ಲ. ಅದರ ಮಿಡಿ ಹೇಗಿರುತ್ತೋ ನೋಡಿಯೇಬಿಡೋಣ ಅಂತಾರೆ.