ಫ್ಯಾಟಿ ಲಿವರ್‌ಗೆ ಆನ್‌ಲೈನ್ ಡಯಟ್ ಸಲಹೆ: ಡಯಟೀಷಿಯನ್‌ಗೆ ಪೂರ್ತಿ ಅಂಕ, ಆ್ಯಪ್‌ಗೆ ಇಲ್ಲ

ಅಣ್ಣನಿಗೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ (ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುವುದು) ಅಂತ ಬಂದ ಮೇಲೆ ಈ ಸಲಹೆಗೆ ಸೇರಿಸಿದೆವು. ಪ್ರತಿ ಸಲ ನಾನೂ ಪಕ್ಕದಲ್ಲಿ ಕೂತು ಕೇಳಿದ್ದೇನೆ. ಡಯಟೀಷಿಯನ್ ಮೇಡಂ ತುಂಬ ಒಳ್ಳೆಯವರು. ಜೊತೆಗೆ ಕೊಡುವ ಆ್ಯಪ್ ಮಾತ್ರ ಅವರ ಮಟ್ಟಕ್ಕಿಲ್ಲ.

ಅಣ್ಣ ಅಷ್ಟರಲ್ಲೇ ಎಣ್ಣೆ, ಬೆಣ್ಣೆ ಬಿಟ್ಟು ಹಸಿವಾದಾಗಲೆಲ್ಲ ಜ್ಯೂಸ್ ಕುಡಿಯುತ್ತಿದ್ದ. ಕೊಬ್ಬು ತಿನ್ನದಿದ್ದರೂ ಲಿವರ್‌ಗೆ ಎಲ್ಲಿಂದ ಬರುತ್ತದೆ ಅಂತ ಕೇಳಿದ. ಮೇಡಂ ಅವಸರ ಮಾಡದೆ, ಜ್ಯೂಸಿನ ಸಕ್ಕರೆಯಿಂದ ಅಂತ ಬಿಡಿಸಿ ಹೇಳಿದರು. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯೆಲ್ಲ ಬಳಸುತ್ತದೆ. ಫ್ರಕ್ಟೋಸ್ ಜಾಸ್ತಿಯಾದರೆ ಅದರ ಹೊರೆ ಬಹುಪಾಲು ಲಿವರ್ ಮೇಲೇ ಬೀಳುತ್ತದೆ. ಗ್ಲೂಕೋಸ್ ಒಡೆಯುವ ದಾರಿಯಲ್ಲಿ ಫಾಸ್ಫೋಫ್ರಕ್ಟೋಕೈನೇಸ್ ಎಂಬ ಕಿಣ್ವ ಗೇಟಿನ ಹಾಗೆ ನಿಂತು, ಶಕ್ತಿ ಸಾಕಾದಾಗ ತಡೆಯುತ್ತದೆ. ಫ್ರಕ್ಟೋಸ್ ಆ ಗೇಟಿಗೆ ಬರುವುದೇ ಇಲ್ಲ, ಪಕ್ಕದಿಂದ ದಾಟಿಬಿಡುತ್ತದೆ. ಹೀಗೆ ಹೆಚ್ಚಾದದ್ದನ್ನು ಲಿವರ್ ಕೊಬ್ಬು ಮಾಡಿಕೊಳ್ಳುತ್ತದೆ. ದಿನಾ ಇದೇ ನಡೆದರೆ ಎಸ್‌ಆರ್‌ಇಬಿಪಿ-1ಸಿ, ಸಿಎಚ್‌ಆರ್‌ಇಬಿಪಿ ಎಂಬ ಪ್ರೋಟೀನ್‌ಗಳು ಜೀನ್‌ಗಳನ್ನು ಚುರುಕು ಮಾಡಿ, ಕೊಬ್ಬು ತಯಾರಿಸುವ ಕಿಣ್ವಗಳನ್ನೇ ಹೆಚ್ಚಿಸುತ್ತವೆ.

ಆ ಕೊಬ್ಬಿನಲ್ಲಿ ಒಂದಷ್ಟನ್ನು ಲಿವರ್ ಅಪೊ-ಬಿ ಪ್ರೋಟೀನ್ ಜೊತೆ ಕಟ್ಟಿ, ವಿಎಲ್‌ಡಿಎಲ್ ಎಂಬ ಕೊಬ್ಬು ಸಾಗಿಸುವ ಕಣಗಳಾಗಿ ರಕ್ತಕ್ಕೆ ಬಿಡುತ್ತದೆ. ಎಣ್ಣೆ ಬಿಟ್ಟ ಮೇಲೂ ಅಣ್ಣನ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) ಯಾಕೆ ಇಳಿದಿರಲಿಲ್ಲ ಅನ್ನುವುದು ನಮಗೆ ಆಗಲೇ ಹೊಳೆದದ್ದು. ಇಷ್ಟು ತಾಳ್ಮೆಯಿಂದ ಯಾರು ಹೇಳುತ್ತಾರೆ, ಅಲ್ವಾ?

ಹಾಗಂತ ಕೊಬ್ಬಿಗೆ ಅವರು ವಿನಾಯಿತಿ ಕೊಡಲಿಲ್ಲ. ಬೆಣ್ಣೆಯಂಥ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ತಿಂದರೆ, ಅಷ್ಟೇ ಕ್ಯಾಲೊರಿಯ ಅನ್‌ಸ್ಯಾಚುರೇಟೆಡ್ ಎಣ್ಣೆಗಿಂತ ಲಿವರ್ ಕೊಬ್ಬು ಹೆಚ್ಚು ಏರುತ್ತದೆ ಅಂದರು.

ಆ್ಯಪ್‌ಗೆ ಇದ್ಯಾವುದೂ ಗೊತ್ತಿಲ್ಲ. ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಗ್ರಾಂ ಸಕ್ಕರೆಗೆ 4 ಅಂತ ಕೂಡಿಸಿ ಸುಮ್ನೆ ಬಣ್ಣ ಕೊಡುತ್ತದೆ. ಹಾಗಾಗಿ ಜ್ಯೂಸ್‌ಗೆ ಹಸಿರು, ಒಂದು ಹಿಡಿ ಬೀಜಗಳಿಗೆ ಕೆಂಪು! ಲಿವರ್ ತೊಂದರೆ ಇರುವವರಿಗೆ ಇದು ಪೂರ್ತಿ ಉಲ್ಟಾ. ಸಕ್ಕರೆ ಬದಲು ಜೇನುತುಪ್ಪ ಹಾಕಿಕೊಳ್ಳಿ ಅಂತಲೂ ಪಟ್ಟಿಯಲ್ಲಿತ್ತು. ಜೇನಿನಲ್ಲೂ ಇರುವುದು ಮುಖ್ಯವಾಗಿ ಅದೇ ಗ್ಲೂಕೋಸ್, ಫ್ರಕ್ಟೋಸ್. ಮೇಡಂ ಅದನ್ನು ತೆಗೆಸಿದರು. ಲಿವರ್ ಶುದ್ಧಿ ಮಾಡುವ ಪುಡಿ ಕೊಳ್ಳಿ ಅಂತ ದಿನಾ ನೋಟಿಫಿಕೇಶನ್ ಬೇರೆ. ಕಾಯಿಲೆಯವರ ಭಯವನ್ನು ಹೀಗೆ ಬಳಸಿಕೊಳ್ಳುವುದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಅಣ್ಣನ ಎಎಲ್‌ಟಿ ಇಳಿದಿದೆ. ಲಿವರ್ ಜೀವಕೋಶಕ್ಕೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವ ಅದು. ಆದರೆ ಎಎಲ್‌ಟಿ ಸರಿಯಿದ್ದವರಿಗೂ ಫ್ಯಾಟಿ ಲಿವರ್ ಇರಬಹುದು, ಹಾಗಾಗಿ ಡಾಕ್ಟರ್ ಹೇಳಿದಾಗ ಸ್ಕ್ಯಾನ್ ತಪ್ಪಿಸಬೇಡಿ ಅಂತ ಮೇಡಂ ಒತ್ತಿ ಹೇಳಿದ್ದಾರೆ.

ಬರೀ ಮಾತುಕತೆಯ ಪ್ಲಾನ್ ಬೇರೆಯಾಗಿ ಸಿಗುತ್ತದೆ. ಅದನ್ನೇ ತಗೊಳ್ಳಿ. ಶುಗರ್ ಮಾತ್ರೆ ತಗೊಳ್ಳುವವರು ಮೊದಲ ದಿನವೇ ಅದನ್ನು ಮೇಡಂಗೆ ಹೇಳಿ, ಯಾಕಂದರೆ ಆ್ಯಪ್ ಔಷಧಿಗಳ ಬಗ್ಗೆ ಏನೂ ಕೇಳುವುದಿಲ್ಲ.